ಕರಡು ನಿಯಮ, ಆಕ್ಷೇಪಣೆ, ಸಮೀಕ್ಷೆ: ವಕೀಲರನ್ನು ಕೇಳಿ

ಅಡ್ಮಿನ್: ಇವತ್ತು ಸಂಜೆ 7ರಿಂದ 9ರವರೆಗೆ ನಮ್ಮ ಗುಂಪಿನ ವಕೀಲ ಮೇಡಂ ಪ್ರಶ್ನೆಗಳಿಗೆ ಉತ್ತರ ಕೊಡ್ತಾರೆ. ಸರ್ಕಾರ ಕರಡು ನಿಯಮ ಹೊರಡಿಸಿ "ಆಕ್ಷೇಪಣೆ, ಸಲಹೆ ಕಳಿಸಿ" ಅಂದಾಗ ಏನು ಮಾಡಬೇಕು, ಮನೆ ಬಾಗಿಲಿಗೆ ಬಂದು ಮಾಹಿತಿ ಕೇಳಿದರೆ ಏನು ಹೇಳಬೇಕು, ಇಷ್ಟೇ ವಿಷಯ. ರಾಜಕೀಯ ಬೇಡ. ಗುಡ್ ಈವ್ನಿಂಗ್ ಚಿತ್ರಗಳೂ ಬೇಡ.

ನಿವೃತ್ತ ಮೇಷ್ಟ್ರು: ನಮಸ್ಕಾರ ಮೇಡಂ. ಗೆಜೆಟ್ ಕರಡುಗಳಲ್ಲಿ "ಬಾಧಿತರಾಗುವ ಸಂಭವವಿರುವ ಎಲ್ಲ ವ್ಯಕ್ತಿಗಳ ಮಾಹಿತಿಗಾಗಿ" ಎಂದಿರುತ್ತದೆ. ನನಗೇನೂ ಬಾಧೆ ಇಲ್ಲದಿದ್ದರೆ ನಾನು ಬರೆಯುವಂತಿಲ್ಲವೇ?

ವಕೀಲೆ: ನಮಸ್ಕಾರ ಮೇಷ್ಟ್ರೇ. ಧಾರಾಳವಾಗಿ ಬರೆಯಬಹುದು. ಆ ವಾಕ್ಯ ಕರಡನ್ನು ಯಾರ ಕಣ್ಣಿಗೆ ಬೀಳಿಸಬೇಕು ಅನ್ನೋದಕ್ಕೆ, ಯಾರು ಬಾಯಿ ಬಿಡಬಹುದು ಅನ್ನೋದಕ್ಕಲ್ಲ. ಕೇಂದ್ರದ ಸಾಮಾನ್ಯ ಖಂಡಗಳ ಕಾಯ್ದೆ 1897ರ 23ನೇ ಸೆಕ್ಷನ್ ನೋಡಿ. ಮೂಲ ಕಾಯ್ದೆಯೇ "ಮುಂಚಿತವಾಗಿ ಪ್ರಕಟಿಸಿ ನಿಯಮ ಮಾಡಿ" ಎಂದಿದ್ದರೆ ಕರಡು ಪ್ರಕಟಿಸಬೇಕು, ಯಾವ ದಿನದ ನಂತರ ಪರಿಗಣಿಸುತ್ತೇವೆ ಅಂತ ತಿಳಿಸಬೇಕು, ಆ ದಿನದೊಳಗೆ ಬಂದ ಆಕ್ಷೇಪಣೆ, ಸಲಹೆಗಳನ್ನು ಪರಿಗಣಿಸಬೇಕು. ಪರಿಗಣಿಸಬೇಕು ಅಂದರೆ ಒಪ್ಪಬೇಕು ಅಂತಲ್ಲ. ಉತ್ತರ ಬರೆಯಬೇಕು ಅಂತಲೂ ಅಲ್ಲಿಲ್ಲ.

ಬಯಲುಸೀಮೆ ಹುಡುಗ: ಹಾಗಾದ್ರೆ ಬರೆದು ಏನು ಪ್ರಯೋಜನ ಮೇಡಂ? ಓದದೆ ಮೂಲೆಗೆ ಹಾಕಿದ್ರೆ?

ವಕೀಲೆ: ನಾಳೆ ಕೋರ್ಟಿಗೆ ಹೋದಾಗ "ಆವತ್ತು ಎಲ್ಲಿದ್ದಿರಿ?" ಅಂತ ಕೇಳ್ತಾರೆ. ತೋರಿಸೋಕೆ ನಿಮ್ಮ ಕೈಯಲ್ಲೊಂದು ಸ್ವೀಕೃತಿ ಇರಬೇಕು.

ಕಾಫಿ ತೋಟ: ಪಶ್ಚಿಮಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕರಡಿಗೆ ಈಗ ಆಕ್ಷೇಪಣೆ ಕಳಿಸಬಹುದಾ?

ವಕೀಲೆ: ಆರನೇ ಕರಡು ಬಂದದ್ದು 2024 ಜುಲೈ 31. ಗೆಜೆಟ್ ಪ್ರತಿ ಜನರಿಗೆ ಸಿಕ್ಕ ದಿನದಿಂದ 60 ದಿನ. ಮುಗಿದಿದೆ.

ಕಾಫಿ ತೋಟ: ಆರು ಸಲ ಕರಡು ಬಂತು, ಆರು ಸಲವೂ ಬರೆದೆವು ಮೇಡಂ. 2014ರ ಮಾರ್ಚ್‌ನಲ್ಲಿ ಕಳಿಸಿದ್ದೂ ಅದೇ ಕಾಗದ, ಮೊನ್ನೆ ಕಳಿಸಿದ್ದೂ ಅದೇ ಕಾಗದ. ದಿನಾಂಕ ಮಾತ್ರ ತಿದ್ದೋದು. ಹಳೇದು ಲೆಕ್ಕಕ್ಕಿಲ್ವಾ?

ವಕೀಲೆ: ಕಾಲಮಿತಿಯೊಳಗೆ ಅಂತಿಮ ಆಗದಿದ್ದರೆ ಕರಡು ಬಿದ್ದುಹೋಗುತ್ತೆ, ಅದಕ್ಕೇ ಮತ್ತೆ ಮತ್ತೆ ಹೊರಡಿಸ್ತಾರೆ. ಪ್ರತಿ ಕರಡೂ ಹೊಸ ಲೆಕ್ಕ. ಹಳೇ ಪತ್ರಗಳ ಪ್ರತಿ ಲಗತ್ತಿಸಿ ಹೊಸದಾಗಿ ಬರೀಬೇಕು.

ಹೊಸಬ 22: ಎಲ್ಲರ ಗಮನಕ್ಕೆ 🙏 *ಫಾರ್ವರ್ಡ್* "ಯಾವುದೇ ಸರ್ಕಾರಿ ಕರಡು/ಅಧಿಸೂಚನೆ ಬಂದರೆ ಭಯ ಬೇಡ. 60 ದಿನ ಸಮಯ ಇದೆ. ಕೆಳಗಿನ ಮಾದರಿಯನ್ನು ಕಾಪಿ ಮಾಡಿ ಸಚಿವಾಲಯದ ಇಮೇಲ್‌ಗೆ ಕಳಿಸಿ. 1000 ಇಮೇಲ್ ಹೋದರೆ ಅಧಿಸೂಚನೆ ತಾನಾಗೇ ರದ್ದು. ಕಳಿಸದಿದ್ದರೆ ಒಪ್ಪಿಗೆ ಎಂದರ್ಥ. 10 ಗ್ರೂಪಿಗೆ ಹಂಚಿ."

ವಕೀಲೆ: ಇದರಲ್ಲಿ "ಎಲ್ಲರ ಗಮನಕ್ಕೆ" ಅನ್ನೋದು ಬಿಟ್ಟು ಮಿಕ್ಕಿದ್ದೆಲ್ಲ ತಪ್ಪು. ಸಾವಿರ ಅಲ್ಲ, ಲಕ್ಷ ಹೋದರೂ ಯಾವುದೂ ತಾನಾಗಿ ರದ್ದಾಗಲ್ಲ. 2015-16ರಲ್ಲಿ ಟೆಲಿಕಾಂ ನಿಯಂತ್ರಕ ಸಂಸ್ಥೆ ಟ್ರಾಯ್, ಒಂದೊಂದು ವೆಬ್‌ಸೈಟಿಗೆ ಒಂದೊಂದು ಡೇಟಾ ದರ ಇರಬಹುದಾ ಅನ್ನೋದರ ಬಗ್ಗೆ ನಾಲ್ಕು ಪ್ರಶ್ನೆ ಕೇಳಿತ್ತು. ಫೇಸ್‌ಬುಕ್ ಮಾಡಿಕೊಟ್ಟ ಸಿದ್ಧ ಒಕ್ಕಣೆಯನ್ನು ಲಕ್ಷಗಟ್ಟಲೆ ಜನ ಬಟನ್ ಒತ್ತಿ ಕಳಿಸಿದರು. ನಾವು ಕೇಳಿದ ಪ್ರಶ್ನೆಗೆ ಇದರಲ್ಲಿ ಉತ್ತರವೇ ಇಲ್ಲ ಅಂತ ಟ್ರಾಯ್ ಹೇಳಿತು. 2016 ಫೆಬ್ರವರಿ 8ಕ್ಕೆ ಬಂದ ನಿಯಮ ಆ ಒಕ್ಕಣೆ ಕೇಳಿದ್ದಕ್ಕೆ ಉಲ್ಟಾ. ದಯವಿಟ್ಟು ಆ ಮೆಸೇಜ್ ಅಳಿಸಿ.

ಹೊಸಬ 22: ಒಳ್ಳೇದಕ್ಕೇ ಹಾಕಿದ್ದು ಮೇಡಂ. ಇಷ್ಟ ಇಲ್ಲದವರು ಬಿಡಿ.

ಟೀಚರಮ್ಮ: ಮೇಡಂ, ಇಮೇಲ್ ಕಳಿಸಿದರೆ ನಮ್ಮ ಹೆಸರು, ನಂಬರ್ ಎಲ್ಲರಿಗೂ ಕಾಣುತ್ತಾ?

ವಕೀಲೆ: ಕಂಡಿದ್ದುಂಟು. 2015ರ ಏಪ್ರಿಲ್‌ನಲ್ಲಿ ಟ್ರಾಯ್ ತನಗೆ ಬಂದ ಲಕ್ಷಾಂತರ ಪತ್ರಗಳನ್ನು ಕಳಿಸಿದವರ ಇಮೇಲ್ ವಿಳಾಸದ ಸಮೇತ ವೆಬ್‌ಸೈಟಿಗೆ ಹಾಕಿಬಿಟ್ಟಿತ್ತು. 2025 ಜನವರಿ 3ರ ಡಿಜಿಟಲ್ ವೈಯಕ್ತಿಕ ದತ್ತಾಂಶ ನಿಯಮಗಳ ಕರಡಿನಲ್ಲಿ ಇದಕ್ಕೆ ತದ್ವಿರುದ್ಧ, ಬಂದ ಅಭಿಪ್ರಾಯಗಳನ್ನು ಬಹಿರಂಗ ಮಾಡಲ್ಲ ಎಂದರು. ಹಾಗಾಗಿ ಆಯಾ ಕರಡಿನ ಪ್ರಕಟಣೆ ಓದಿ. ಆಧಾರ್ ಪ್ರತಿ, ಪಾನ್ ಪ್ರತಿ ಸುಮ್ಮಸುಮ್ಮನೆ ಲಗತ್ತಿಸಬೇಡಿ.

ತೆಂಗಿನ ತೋಟ: ಮೇಡಂ ಒಂದು ಸಣ್ಣ ಡೌಟು. ಕೈಗಾರಿಕಾ ಪ್ರದೇಶ ಮಾಡ್ತೀವಿ ಅಂತ ನಮ್ಮ ಜಮೀನಿಗೆ 28(2) ನೋಟಿಸ್ ಬಂದಿದೆ, ತಾತನ ಹೆಸರಲ್ಲಿ. ತಾತ ತೀರಿಕೊಂಡು 9 ವರ್ಷ. ಬಂದು 22 ದಿನ ಆಯ್ತು. ಮೇಲಿನ ಮಾದರೀನ ಹೋದ ವಾರವೇ ಇಮೇಲ್ ಮಾಡಿದೀವಿ. 60 ದಿನ ಇದೆಯಲ್ಲ, ಅಷ್ಟು ಸಾಕಾ ಅಥವಾ ಪೋಸ್ಟಲ್ಲೂ ಹಾಕಬೇಕಾ?

ವಕೀಲೆ: ಮಿಕ್ಕವರು ಸ್ವಲ್ಪ ಹೊತ್ತು ಸುಮ್ಮನಿರಿ. ತೆಂಗಿನ ತೋಟದವರೇ, ಇದು ಸಣ್ಣ ಡೌಟಲ್ಲ. ನೋಟಿಸ್ ಪಕ್ಕದಲ್ಲಿಟ್ಟುಕೊಂಡು ಓದಿ.

ನಿಮಗೆ ಬಂದಿರೋದು ಕರಡು ನಿಯಮ ಅಲ್ಲ. ಕರಡು ನಿಯಮ ಊರಿಗೆಲ್ಲ ಸೇರಿದ್ದು, ನೀವು ಬರೆಯದಿದ್ದರೆ ಇನ್ನೊಬ್ಬರು ಬರೆದಿರ್ತಾರೆ. ಈ ನೋಟಿಸ್ ನಿಮ್ಮ ಮನೆಯದು. ಕರ್ನಾಟಕ ಕೈಗಾರಿಕಾ ಪ್ರದೇಶಗಳ ಅಭಿವೃದ್ಧಿ ಕಾಯ್ದೆ 1966ರ 28(1)ರಲ್ಲಿ ಜಮೀನು ಬೇಕು ಅಂತ ಪ್ರಾಥಮಿಕ ಅಧಿಸೂಚನೆ. 28(2)ರಲ್ಲಿ "ಯಾಕೆ ತೆಗೆದುಕೊಳ್ಳಬಾರದು ಹೇಳಿ" ಅಂತ ಮಾಲೀಕರಿಗೆ, ಅನುಭವದಲ್ಲಿರುವವರಿಗೆ ನೋಟಿಸ್. ಅವಧಿ ನೋಟಿಸ್ ಜಾರಿಯಾದ ದಿನದಿಂದ 30 ದಿನ. ಫಾರ್ವರ್ಡಿನ 60 ದಿನ 2013ರ ಕೇಂದ್ರ ಭೂಸ್ವಾಧೀನ ಕಾಯ್ದೆಯ 15ನೇ ಸೆಕ್ಷನ್ನಿನದು. ಬೇರೆ ಕಾಯ್ದೆ, ಬೇರೆ ಲೆಕ್ಕ. ನಿಮಗುಳಿದಿರೋದು 38 ದಿನ ಅಲ್ಲ, 8 ದಿನ.

ಸಚಿವಾಲಯದ ಇಮೇಲ್‌ಗೆ ಹೋದದ್ದು ಇಲ್ಲಿ ಲೆಕ್ಕಕ್ಕಿಲ್ಲ ಅಂತಲೇ ತಿಳಿಯಿರಿ. ನೋಟಿಸ್ ಕೊಟ್ಟ ವಿಶೇಷ ಭೂಸ್ವಾಧೀನಾಧಿಕಾರಿಗೇ ಲಿಖಿತವಾಗಿ ಕೊಡಬೇಕು. ನೋಟಿಸಿನ ಮೇಲಿರುವ ಸಂಖ್ಯೆ, ದಿನಾಂಕ ಮೊದಲ ಸಾಲಿನಲ್ಲೇ ಬರಲಿ. ಎರಡು ಪ್ರತಿ ತಗೊಂಡು ಹೋಗಿ. ಒಂದನ್ನು ಆ ಕಚೇರಿಯ ಟಪಾಲು ವಿಭಾಗಕ್ಕೆ ಕೊಟ್ಟು ಇನ್ನೊಂದರ ಮೇಲೆ ಸೀಲು, ದಿನಾಂಕ ಹಾಕಿಸಿಕೊಳ್ಳಿ. ಅದೇ ದಿನ ಸ್ಪೀಡ್ ಪೋಸ್ಟೂ ಮಾಡಿ.

ಇನ್ನು ಒಕ್ಕಣೆ. ನಿಮ್ಮ ಮಾದರಿಯಲ್ಲಿ "ಈ ಕರಡು ರೈತ ವಿರೋಧಿಯಾಗಿದ್ದು ತೀವ್ರವಾಗಿ ಖಂಡಿಸುತ್ತೇನೆ" ಅಂತಿದೆ. ವಿಚಾರಣೆಗೆ ಕೂತ ಅಧಿಕಾರಿ ಇದರಲ್ಲಿ ಏನನ್ನು ಪರಿಗಣಿಸಬೇಕು? ಹೀಗೆ ಬರೆಯಿರಿ: "ಸರ್ವೆ ನಂಬರ್ ಇಂಥದ್ದು, ವಿಸ್ತೀರ್ಣ ಇಷ್ಟು ಎಕರೆ ಇಷ್ಟು ಗುಂಟೆ. ಫಲ ಕೊಡುವ ತೆಂಗು ಇಷ್ಟು, ಕೊಳವೆ ಬಾವಿ ಒಂದು, ವಾಸದ ಮನೆ ಒಂದು. ಕುಟುಂಬಕ್ಕೆ ಬೇರೆ ಜಮೀನಿಲ್ಲ. ಪಕ್ಕದ ಇಂಥ ಸರ್ವೆ ನಂಬರು ಪಾಳು ಇದೆ. ಖುದ್ದು ವಿಚಾರಣೆಗೆ ಅವಕಾಶ ಕೊಡಿ." ಕೊನೆಯ ವಾಕ್ಯ ಮರೀಬೇಡಿ. 28(3)ರಲ್ಲಿ ಅಹವಾಲು ಕೇಳಲೇಬೇಕು, ಆದರೂ ನೀವು ಕೇಳಿದ್ದೀರಿ ಅನ್ನೋದು ಕಾಗದದ ಮೇಲಿರಲಿ. ಪಹಣಿ, ಮರಗಳ ಫೋಟೊ, ಕರೆಂಟ್ ಬಿಲ್ ಲಗತ್ತಿಸಿ.

ತಾತನ ಹೆಸರಿಗೆ ಬಂದಿದೆ ಅಂದರೆ ಪಹಣಿ ಇನ್ನೂ ಅವರ ಹೆಸರಲ್ಲೇ ಇದೆ, 9 ವರ್ಷದಿಂದ ನೀವು ಪೌತಿ ಖಾತೆ, ಅಂದರೆ ತೀರಿಕೊಂಡವರ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಾಯಿಸೋದು, ಮಾಡಿಸಿಲ್ಲ. "ಸತ್ತವರ ಹೆಸರಿನ ನೋಟಿಸ್ ಅಸಿಂಧು, ಉತ್ತರ ಕೊಡಬೇಕಾಗಿಲ್ಲ" ಅಂತ ಯಾರಾದರೂ ಹೇಳಿಯೇ ಹೇಳ್ತಾರೆ. ಅವರ ಮಾತು ಕೇಳಿ ಕೂರಬೇಡಿ. ಮರಣ ಪತ್ರ, ವಂಶವೃಕ್ಷ ಲಗತ್ತಿಸಿ "ನಾವು ವಾರಸುದಾರರು, ನಮ್ಮ ಆಕ್ಷೇಪಣೆ ಇದು" ಅಂತ ಬರೆಯಿರಿ. ಪೌತಿ ಖಾತೆ ಅರ್ಜಿ ನಾಳೆಯೇ ಹಾಕಿ, ಆದರೆ ಅದು ಆಗುವವರೆಗೆ ಕಾಯಬೇಡಿ. 28(4)ರ ಅಂತಿಮ ಅಧಿಸೂಚನೆ ಬಂತು ಅಂದರೆ 28(5)ರ ಪ್ರಕಾರ ಜಮೀನು ಸರ್ಕಾರದ್ದಾಗುತ್ತೆ. ಆಮೇಲೆ ಹೈಕೋರ್ಟೇ ದಾರಿ. ನಿಮ್ಮ ಊರಲ್ಲಿ ಭೂಸ್ವಾಧೀನದ ಕೇಸು ನಡೆಸುವ ವಕೀಲರನ್ನು ನಾಳೆ ಬೆಳಿಗ್ಗೆ ನೋಡಿ. ಗುಂಪಿನ ಉತ್ತರ ನಂಬಿಕೊಂಡು ಇರಬೇಡಿ, ನನ್ನದನ್ನೂ ಸೇರಿಸಿ.

ತೆಂಗಿನ ತೋಟ: ಅಯ್ಯೋ. ಸರಿ ಮೇಡಂ. ಅಪ್ಪಂಗೆ ಹೇಳ್ತೀನಿ.

ಹೊಸಬ 22: ಸತ್ತವರ ಹೆಸರಿನ ನೋಟಿಸ್ ಅಸಿಂಧು ಅಂತ ನಮ್ಮ ಭಾವನೂ ಹೇಳ್ತಾರೆ.

ವಕೀಲೆ: ಬಂತು ನೋಡಿ.

ಹಸಿರು ಹಾದಿ: ಕಾಫಿ ತೋಟದವರಿಗೆ ಒಂದು ಮಾತು. ಆರನೇ ಕರಡಿನ ಹಿಂದಿನ ದಿನ, 2024 ಜುಲೈ 30ಕ್ಕೆ, ವಯನಾಡಿನಲ್ಲಿ ಗುಡ್ಡ ಜಾರಿ ನೂರಾರು ಜನ ಸತ್ತರು. ಆಮೇಲೂ ಅದೇ ಹಳೇ ಕಾಗದಕ್ಕೆ ದಿನಾಂಕ ತಿದ್ದಿ ಕಳಿಸಿದಿರಲ್ಲ, ಸಂಕೋಚ ಆಗಲಿಲ್ವಾ?

ಕಾಫಿ ತೋಟ: ಫ್ಲ್ಯಾಟಲ್ಲಿ ಕೂತವರಿಗೆ ಗುಡ್ಡ ಫೋಟೊದಲ್ಲಿ ಚಂದ. ಕರ್ನಾಟಕದ್ದೇ 20,668 ಚದರ ಕಿ.ಮೀ. ಅದರೊಳಗೆ ನಮ್ಮ ಅಜ್ಜನ ಕಾಲದ ಮನೆ ಇದೆ.

ಹಸಿರು ಹಾದಿ: ಕರಡಿನಲ್ಲಿ ನಿಷೇಧ ಅಂದಿರೋದು ಗಣಿಗಾರಿಕೆ, ಕ್ವಾರಿ, ಮರಳು ತೆಗೆಯೋದು, ಹೊಸ ಉಷ್ಣ ವಿದ್ಯುತ್ ಸ್ಥಾವರ, ಹೆಚ್ಚು ಮಾಲಿನ್ಯ ಮಾಡೋ ಕೆಂಪು ವರ್ಗದ ಕೈಗಾರಿಕೆ, ದೊಡ್ಡ ಟೌನ್‌ಶಿಪ್. ಮನೆ ಮಾರಬೇಡಿ, ರಿಪೇರಿ ಮಾಡಬೇಡಿ ಅಂತ ಎಲ್ಲೂ ಇಲ್ಲ. ನೀವು ಕರಡು ಓದಿದ್ದೀರಾ?

ಕಾಫಿ ತೋಟ: ಇಂಗ್ಲಿಷ್ ಗೆಜೆಟ್ ಓದೋಕೆ ನಮ್ಮೂರಲ್ಲಿ ಎಷ್ಟು ಜನ ಇದಾರೆ? ಅದನ್ನೂ ಕೇಳಿ.

ವಕೀಲೆ: ಈ ಒಂದು ಮಾತು ನ್ಯಾಯವಾದದ್ದು. 2020ರ ಪರಿಸರ ಪರಿಣಾಮ ಅಂದಾಜು ಕರಡು ಬಂದದ್ದು ಲಾಕ್‌ಡೌನ್ ಮಧ್ಯೆ, ಹಿಂದಿ ಇಂಗ್ಲಿಷಿನಲ್ಲಿ ಮಾತ್ರ. ಜೂನ್ 30ಕ್ಕೆ ದೆಹಲಿ ಹೈಕೋರ್ಟು ಕಡೇ ದಿನವನ್ನು ಆಗಸ್ಟ್ 11ಕ್ಕೆ ಮುಂದೆ ಹಾಕಿ, ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಗಳಿಗೆ ಅನುವಾದಿಸಿ ಅಂದಿತು. ಕನ್ನಡದಲ್ಲಿ ಬೇಕು ಅನ್ನೋದೇ ಒಂದು ಆಕ್ಷೇಪಣೆ. ಮೊದಲ ವಾರದಲ್ಲೇ ಬರೆದು ಕಳಿಸಿ, ಕಡೇ ದಿನ ಅಲ್ಲ.

ಕಡಲಾಚೆ: ಇಲ್ಲಿ ಅಮೆರಿಕದಲ್ಲಿ 1946ರಿಂದಲೇ ಕಾನೂನಿದೆ. ಕರಡು ಹಾಕಬೇಕು, ಮುಖ್ಯ ಆಕ್ಷೇಪಗಳಿಗೆ ಕಾರಣ ಕೊಟ್ಟು ಉತ್ತರಿಸಬೇಕು. ಹತ್ತು ಅಥವಾ ಹೆಚ್ಚು ಜನರಿಗೆ ಒಂದೇ ಪ್ರಶ್ನೆಪಟ್ಟಿ ಕೊಡೋ ಮುಂಚೆಯೂ ಇಲಾಖೆ 60 ದಿನ, ಆಮೇಲೆ ಇನ್ನೂ 30 ದಿನ ಜನರ ಅಭಿಪ್ರಾಯ ಕೇಳಬೇಕು. ಫಾರಂ ಮೇಲೆ ಮಂಜೂರಾತಿ ನಂಬರ್ ಇಲ್ಲದಿದ್ದರೆ ತುಂಬಲಿಲ್ಲ ಅಂತ ದಂಡ ಹಾಕೋ ಹಾಗಿಲ್ಲ. ನಮ್ಮವರು ಯಾವಾಗ ಕಲಿಯೋದೋ.

ಬಯಲುಸೀಮೆ ಹುಡುಗ: "ನಮ್ಮವರು" ಅಂತೆ. ಅಲ್ಲಿ ಕೂತು ಇಲ್ಲಿನವರಿಗೆ ಪಾಠ.

ಕಡಲಾಚೆ: ವಿಷಯ ಹೇಳಿದೆ ಸ್ವಾಮಿ, ಅದಕ್ಕೂ ಸಿಟ್ಟಾ?

ವಕೀಲೆ: ವಿಷಯ ಸರಿಯಾಗಿಯೇ ಇದೆ. ಕಾಲ್ ಡ್ರಾಪ್‌ಗೆ ಪರಿಹಾರ ಕೊಡಿ ಅನ್ನೋ ಟ್ರಾಯ್ ನಿಯಮವನ್ನು 2016ರ ಮೇ ತಿಂಗಳಲ್ಲಿ ರದ್ದು ಮಾಡುವಾಗ ನಮ್ಮ ಸುಪ್ರೀಂ ಕೋರ್ಟೂ ಆ ಅಮೆರಿಕದ ಕಾನೂನನ್ನು ಎತ್ತಿ ಹೇಳಿ, ಸಂಸತ್ತು ಇಂಥದ್ದೊಂದು ಮಾಡಿದರೆ ಒಳ್ಳೇದು ಅಂದಿತು. ನಮ್ಮಲ್ಲಿ ಇರೋದು 2014ರ ಶಾಸನಪೂರ್ವ ಸಮಾಲೋಚನಾ ನೀತಿ, ಕನಿಷ್ಠ 30 ದಿನ ಕೊಡಿ ಅನ್ನುತ್ತೆ. ಅದು ನೀತಿ, ಕಾನೂನಲ್ಲ.

ಟೀಚರಮ್ಮ: ಮೇಡಂ, ನಗಬೇಡಿ. ಜನಗಣತಿಗೆ ಬಂದಾಗ ನಮ್ಮ ಅತ್ತೆ ಗಂಡನ ಹೆಸರು ಹೇಳಲ್ಲ ಅಂತಾರೆ. ಮಾವನವರು ತೀರಿಕೊಂಡು ಎಷ್ಟೋ ವರ್ಷ ಆದರೂ "ನಮ್ಮ ಯಜಮಾನರು" ಅಂತಲೇ. ಹೇಳದಿದ್ದರೆ ದಂಡ ಇದೆಯಂತೆ?

ವಕೀಲೆ: ನಗಲ್ಲ, ನನಗೆ ತುಂಬಾ ಇಷ್ಟವಾದ ಸೆಕ್ಷನ್ ಇದು. ಜನಗಣತಿ ಕಾಯ್ದೆ 1948ರ 8ನೇ ಸೆಕ್ಷನ್ ಪ್ರಕಾರ ಕೇಳಿದ್ದಕ್ಕೆ ತಿಳಿದಷ್ಟು ನಿಜ ಹೇಳಲೇಬೇಕು, ನಿರಾಕರಿಸಿದರೆ 11ನೇ ಸೆಕ್ಷನ್ನಿನಲ್ಲಿ 1,000 ರೂಪಾಯಿವರೆಗೆ ದಂಡ. ಆದರೆ ಅದೇ 8ರಲ್ಲಿ ವಿನಾಯಿತಿ ಬರೆದಿಟ್ಟಿದ್ದಾರೆ. ಯಾವ ಹೆಂಗಸೂ ಗಂಡನ ಹೆಸರನ್ನಾಗಲಿ, ತೀರಿಕೊಂಡ ಗಂಡನ ಹೆಸರನ್ನಾಗಲಿ, ಸಂಪ್ರದಾಯದ ಪ್ರಕಾರ ಬಾಯಲ್ಲಿ ಹೇಳಬಾರದ ಇನ್ಯಾರ ಹೆಸರನ್ನಾಗಲಿ ಹೇಳಬೇಕಾಗಿಲ್ಲ. ಮನೆಯ ಹೆಣ್ಣುಮಕ್ಕಳ ಹೆಸರು ಹೇಳಲೇಬೇಕು ಅಂತಲೂ ಇಲ್ಲ. ಅತ್ತೆಯವರು ಆರಾಮಾಗಿರಲಿ, ಹೆಸರು ನೀವು ಹೇಳಿ. ಜನಗಣತಿಯಲ್ಲಿ ಬರೆಸಿದ್ದನ್ನು ಬೇರೆಯವರು ತೆರೆದು ನೋಡುವಂತಿಲ್ಲ, ಅದು 15ನೇ ಸೆಕ್ಷನ್.

ಟೀಚರಮ್ಮ: ಅತ್ತೆಗೆ ಓದಿ ಹೇಳಿದೆ. "ಹಾಂ, ಸರ್ಕಾರಕ್ಕೂ ಬುದ್ಧಿ ಇದೆ" ಅಂದರು 😄

ಬಯಲುಸೀಮೆ ಹುಡುಗ: 2025ರ ಜಾತಿ ಸಮೀಕ್ಷೆಯಲ್ಲೂ 60 ಪ್ರಶ್ನೆಗೆ ಉತ್ತರ ಕಡ್ಡಾಯ ಇತ್ತಾ?

ವಕೀಲೆ: ಇಲ್ಲ. ಸ್ವಯಂಪ್ರೇರಿತ, ಮಾಹಿತಿ ಗೋಪ್ಯ ಅಂತ ಹೈಕೋರ್ಟು 2025 ಸೆಪ್ಟೆಂಬರ್ 25ಕ್ಕೆ ಹೇಳಿತ್ತು. ಜನಗಣತಿ ಬೇರೆ, ಅದು ಬೇರೆ.

ಹೊಸಬ 22: ಜನಗಣತಿಗೆ ಹೆಸರು ಕೊಡದಿದ್ದರೆ ರೇಷನ್ ಕಾರ್ಡ್ ಹೋಗುತ್ತೆ ಅಂತ ಇನ್ನೊಂದು ಮೆಸೇಜ್ ಬಂದಿದೆ, ಹಾಕ್ಲಾ?

ವಕೀಲೆ: ಬೇಡ. ಫೋನ್ ಮಾಡಿ "ಗಣತಿಯವರು" ಅಂತ ಬ್ಯಾಂಕ್ ಖಾತೆ, ಓಟಿಪಿ ಕೇಳಿದರೆ ಕಟ್ ಮಾಡಿ. ಅದನ್ನು ಬೇಕಾದರೆ ಹತ್ತು ಗ್ರೂಪಿಗೆ ಹಂಚಿ.

ನಿವೃತ್ತ ಮೇಷ್ಟ್ರು: ಕಡೇ ದಿನ ಭಾನುವಾರ ಬಂದರೆ ಸೋಮವಾರ ಕೊಡಬಹುದೇ?

ಗದ್ದೆ ಬದು: ಮೇಡಂ, ಗ್ರಾಮ ಪಂಚಾಯ್ತಿ ತೆರಿಗೆ ಕರಡಿಗೆ ಯಾರಿಗೆ ಬರೆಯೋದು?

ಕಾಫಿ ತೋಟ: ನಮ್ಮ ಪ್ರಶ್ನೆಗೆ ಒಂದು ಸಾಲು, ಅತ್ತೆ ಗಂಡನ ಹೆಸರಿಗೆ ಒಂದು ಪುಟ. ಚೆನ್ನಾಗಿದೆ. ನಮ್ಮ ರಾಜ್ಯ ಸಂಪುಟವೇ 2024ರ ಸೆಪ್ಟೆಂಬರಲ್ಲಿ ಈ ಕರಡಿಗೆ ಆಧಾರವಾದ ಕಸ್ತೂರಿರಂಗನ್ ವರದಿ ತಿರಸ್ಕರಿಸಿದೆ, ಇನ್ನು ಕರಡು ಎಲ್ಲಿ ಉಳೀತು ಅಂತಾದ್ರೂ ಹೇಳಿ.

ವಕೀಲೆ: ಅಧಿಸೂಚನೆ ಹೊರಡಿಸೋದು ಕೇಂದ್ರ, 1986ರ ಪರಿಸರ ಕಾಯ್ದೆಯಡಿ. ರಾಜ್ಯ ತಿರಸ್ಕರಿಸಿದ್ದು ರಾಜ್ಯದ ಅಭಿಪ್ರಾಯ. ತೂಕ ಇದೆ, ಕಡೇ ಮಾತಲ್ಲ. ನಿಮ್ಮದು ಕಿರಿಕಿರಿ ಅಂತ ನನಗೂ ಗೊತ್ತು. ಆದರೆ ಅವರಿಗೆ 8 ದಿನ ಇದೆ, ನಿಮಗೆ ಹತ್ತು ವರ್ಷ ಸಿಕ್ಕಿತ್ತು.

ಹಸಿರು ಹಾದಿ: 👏

ಕಾಫಿ ತೋಟ: ಚಪ್ಪಾಳೆ ಹೊಡೆಯೋಕೆ ಬಂದ್ರು. ನಿಮ್ಮ ಮನೆ ಕಟ್ಟಿದ ಜಲ್ಲಿ ಯಾವ ಕ್ವಾರಿಯದು ಅಂತ ಹೇಳಿ ಮೊದಲು.

ಅಡ್ಮಿನ್: ಇಬ್ಬರೂ ನಿಲ್ಲಿಸಿ. ಇಲ್ಲದಿದ್ದರೆ ಮ್ಯೂಟ್.

ನಿವೃತ್ತ ಮೇಷ್ಟ್ರು: ನನ್ನ ಭಾನುವಾರದ ಪ್ರಶ್ನೆ ಬಾಕಿ ಇದೆ.

ವಕೀಲೆ: ಸಾಮಾನ್ಯ ಖಂಡಗಳ ಕಾಯ್ದೆ 10ನೇ ಸೆಕ್ಷನ್, ಕಚೇರಿ ಮುಚ್ಚಿದ್ದರೆ ಮುಂದಿನ ಕೆಲಸದ ದಿನ ಕೊಡಬಹುದು. ಅದನ್ನು ನಂಬಿ ಕೂತವರು ಸೋಮವಾರ ಟೈರ್ ಪಂಚರ್ ಅಂತ ಫೋನ್ ಮಾಡಿದ್ದಾರೆ. ಶುಕ್ರವಾರ ಕೊಡಿ.

ತೆಂಗಿನ ತೋಟ: ಮೇಡಂ, ಅಪ್ಪ ರೆಡಿ. ಆದರೆ ದೊಡ್ಡತ್ತೆ ಸಹಿ ಹಾಕಲ್ಲ ಅಂತಿದಾರೆ, ಅವರಿಗೆ ದುಡ್ಡು ಬರಲಿ ಅಂತ. ಎಲ್ಲರ ಸಹಿ ಬೇಕಾ? ಅವರನ್ನು ಒಪ್ಪಿಸೋಕೆ ಹಬ್ಬದವರೆಗೆ ಟೈಮ್ ಬೇಕು.

ವಕೀಲೆ: ಹಬ್ಬ ಬಿಡಿ. ನಿಮ್ಮ ತಂದೆ ಒಬ್ಬರೇ ವಾರಸುದಾರರಾಗಿ ಸಲ್ಲಿಸಬಹುದು. ಅತ್ತೆಯವರ ಹೆಸರನ್ನು ವಂಶವೃಕ್ಷದಲ್ಲಿ ಮಾತ್ರ ಮುಚ್ಚಿಡಬೇಡಿ. ನಾಳೆ ಹೋಗಿ. ಸೀಲು ಬಿದ್ದ ಪ್ರತಿಯ ಫೋಟೊ ನನಗೆ ಕಳಿಸಿ, ಗುಂಪಿಗೆ ಹಾಕಬೇಡಿ.

ಅಡ್ಮಿನ್: 9:20 ಆಯಿತು. ಮೇಡಂಗೆ ಧನ್ಯವಾದ. ಇನ್ನು ಹೊಸ ಪ್ರಶ್ನೆ ಬೇಡ.

ಗದ್ದೆ ಬದು: ಪಂಚಾಯ್ತಿದು ಹೇಳಲೇ ಇಲ್ಲ.

ಊರ ಕೆರೆ: ಈಗ ಸೇರಿದೆ. ಪಶ್ಚಿಮಘಟ್ಟದ ಕರಡಿಗೆ ಈಗ ಆಕ್ಷೇಪಣೆ ಕಳಿಸಬಹುದಾ?