ಅಂಗಡಿಯವ್ನಿಗೆ ಫಾರ್ಮ್ಯಾಟ್ ಮಾಡೋಕೆ ಕೊಡ್ಬೇಡಿ

ಅಕ್ಕಾ, ನೀನು ಗಾಬರಿ ಆಗ್ಬೇಡ, ಪುಟ್ಟ ಹಾಕಿರೋ ಫೋಟೋ ನೋಡ್ದೆ, ಲ್ಯಾಪ್‌ಟಾಪ್ ಆನ್ ಆಗೋವಾಗ ಕಪ್ಪು ಸ್ಕ್ರೀನ್ ಮೇಲೆ ಗ್ರಬ್ (ಓಎಸ್ ಶುರು ಮಾಡೋ ಪ್ರೋಗ್ರಾಂ) ಅಂತ ಬಂದು ನಿಂತಿದೆ ಅಷ್ಟೇ, ವಿಂಡೋಸ್ ಎಲ್ಲೂ ಹೋಗಿಲ್ಲ. ಅಂಗಡಿಯವ್ನು ಎಲ್ಲಾ ಫಾರ್ಮ್ಯಾಟ್ ಮಾಡ್ಬೇಕು ಅಂದ್ನಂತಲ್ಲ, ಅವ್ನ ಕೈಗೆ ಲ್ಯಾಪ್‌ಟಾಪ್ ಕೊಡ್ಲೇಬೇಡಿ.

ಪುಟ್ಟ, ಸಿ ಡ್ರೈವ್ ತುಂಬ್ತು ಅಂತ ನೀನು ಡಿಸ್ಕ್ ಮ್ಯಾನೇಜ್‌ಮೆಂಟ್‌ಗೆ ಹೋಗಿ ಉಬುಂಟು ಅನ್ನೋ ಲಿನಕ್ಸ್ ಓಎಸ್ ಇದ್ದ ಪಾರ್ಟಿಷನ್, ಅಂದ್ರೆ ಡಿಸ್ಕಿನ ಆ ಭಾಗ, ಡಿಲೀಟ್ ಮಾಡ್ದೆ, ಆದ್ರೆ ಆನ್ ಮಾಡಿದ ತಕ್ಷಣ ಯಾವ ಓಎಸ್ ಬೇಕು ಅಂತ ಕೇಳೋ ಗ್ರಬ್ ಇದ್ಯಲ್ಲ, ಅದ್ರ ಒಂದು ಚೂರು ಇಎಫ್‌ಐ ಅನ್ನೋ, ಬೂಟ್ ಫೈಲ್‌ಗಳಿರೋ ಚಿಕ್ಕ ಪಾರ್ಟಿಷನ್‌ನಲ್ಲಿರುತ್ತೆ, ಮೆನು ಫೈಲೆಲ್ಲ ಉಬುಂಟು ಒಳಗೇ ಇದ್ದಿದ್ದು, ಈಗ ಆ ಚೂರು ಎದ್ದು ಹುಡುಕುತ್ತೆ, ಏನೂ ಸಿಗಲ್ಲ, ಪೆಚ್ಚಾಗಿ ನಿಲ್ಲುತ್ತೆ. ಅಲ್ಲೇ ಎಕ್ಸಿಟ್ ಅಂತ ಟೈಪ್ ಮಾಡಿ ಎಂಟರ್ ಒತ್ತು, ಎಷ್ಟೋ ಸಲ ಸೀದಾ ವಿಂಡೋಸ್‌ಗೆ ಹೋಗುತ್ತೆ. ಆಗ್ಲಿಲ್ವಾ, ಆನ್ ಮಾಡ್ತಾ ಎಫ್12 ಒತ್ತು, ಕೆಲವ್ರಲ್ಲಿ ಎಫ್9 ಇಲ್ಲಾ ಎಸ್ಕೇಪ್, ಬೂಟ್ ಮೆನುಲಿ ವಿಂಡೋಸ್ ಬೂಟ್ ಮ್ಯಾನೇಜರ್ ಅಂತಿರುತ್ತೆ. ಡಿಸ್ಕ್‌ಗೆ ಬೀಗ ಹಾಕೋ ಬಿಟ್‌ಲಾಕರ್ ಅಂತ 48 ಅಂಕಿ ರಿಕವರಿ ಕೀ ಕೇಳಿದ್ರೆ ಹೆದರ್ಬೇಡ, ಫೋನಿಂದ ನಿನ್ನ ಮೈಕ್ರೋಸಾಫ್ಟ್ ಅಕೌಂಟ್‌ಗೆ ಲಾಗಿನ್ ಆಗಿ ನೋಡು, ಸಾಮಾನ್ಯವಾಗಿ ಅಲ್ಲೇ ಸೇವ್ ಆಗಿರುತ್ತೆ.

ಈಗ ಮುಖ್ಯವಾದ್ದು ಕೇಳು. ವಿಂಡೋಸ್ ಬಂತು ಅನ್ನೋ ಖುಷಿಲಿ ಸಿ ಡ್ರೈವ್ ದೊಡ್ಡದು ಮಾಡೋ ಎಕ್ಸ್‌ಟೆಂಡ್ ವಾಲ್ಯೂಮ್ ಒತ್ಬಿಡ್ಬೇಡ. ಉಬುಂಟುಲಿ ಕಾಲೇಜ್ ಪ್ರಾಜೆಕ್ಟ್ ಏನಾದ್ರೂ ಇತ್ತಾ? ಮೊದ್ಲು ಅದು ನೆನಪು ಮಾಡ್ಕೋ. ಡಿಲೀಟ್ ಮಾಡ್ದಾಗ ಹೋಗಿದ್ದು ಪಾರ್ಟಿಷನ್ ಟೇಬಲ್‌ನಲ್ಲಿದ್ದ ಎಂಟ್ರಿ, ಮನೆ ನಂಬರ್ ಬೋರ್ಡ್ ಕಿತ್ತ ಹಾಗೆ, ಒಳಗಿನ ಸಾಮಾನು ಸದ್ಯಕ್ಕೆ ಅಲ್ಲೇ ಇರುತ್ತೆ. ಆ ಜಾಗದಲ್ಲಿ ಹೊಸದೇನೂ ಬರೀದೆ ಇದ್ರೆ ಟೆಸ್ಟ್‌ಡಿಸ್ಕ್ ಅನ್ನೋ ಫ್ರೀ ಸಾಫ್ಟ್‌ವೇರ್ ಹಳೇ ಪಾರ್ಟಿಷನ್ ಹುಡುಕಿ ವಾಪಸ್ ಕೂರಿಸುತ್ತೆ, ಎಸ್‌ಎಸ್‌ಡಿಲಿ ಗ್ಯಾರಂಟಿ ಸ್ವಲ್ಪ ಕಮ್ಮಿ, ಆದ್ರೂ ಟ್ರೈ ಮಾಡ್ಬಹುದು. ಒಂದೊಮ್ಮೆ ಪಾರ್ಟಿಷನ್ ವಾಪಸ್ ಬಂದ್ಮೇಲೆ ವಿಂಡೋಸ್ ಅದನ್ನ ನೋಡಿ ಫಾರ್ಮ್ಯಾಟ್ ಮಾಡ್ಲಾ ಅಂತ ಕೇಳಿದ್ರೆ ಕ್ಯಾನ್ಸಲ್, ಅದಕ್ಕೆ ಲಿನಕ್ಸ್ ಫೈಲ್ ಸಿಸ್ಟಮ್ ಓದಕ್ಕೆ ಬರಲ್ಲ ಅಷ್ಟೇ.

ಏನೂ ಬೇಕಿಲ್ಲ ಅಂದ್ರೆ ಸಿ ಡ್ರೈವ್ ಆರಾಮಾಗಿ ದೊಡ್ಡದು ಮಾಡ್ಕೋ, ಖಾಲಿ ಜಾಗ ಸಿ ಪಕ್ಕದಲ್ಲೇ ಬಲಗಡೆ ಇರ್ಬೇಕು, ಮಧ್ಯೆ ರಿಕವರಿ ಪಾರ್ಟಿಷನ್ ಬಂದಿದ್ರೆ ಎಕ್ಸ್‌ಟೆಂಡ್ ವಾಲ್ಯೂಮ್ ಆಪ್ಷನ್ ಮಂಕಾಗಿರುತ್ತೆ, ಆಗ ಅಲ್ಲಿಗೇ ನಿಲ್ಸು. ಲೆಟರ್ ಇಲ್ದೆ ಇರೋ ಚಿಕ್ಕ ಇಎಫ್‌ಐ ಪಾರ್ಟಿಷನ್ ಅಂತೂ ಮುಟ್ಲೇಬೇಡ, ವಿಂಡೋಸ್ ಬೂಟ್ ಆಗೋದೂ ಅದ್ರಿಂದಲೇ.

ಟೆಸ್ಟ್‌ಡಿಸ್ಕ್ ಮಾಡೋದಾದ್ರೆ ಭಾನುವಾರ ಸಂಜೆ ವಿಡಿಯೋ ಕಾಲ್ ಮಾಡು, ಜೊತೇಲಿ ಕೂತು ಮಾಡೋಣ, 8 ಜಿಬಿಗಿಂತ ದೊಡ್ಡ ಪೆನ್‌ಡ್ರೈವ್ ಖಾಲಿ ಮಾಡಿಟ್ಕೋ, ನಿಮ್ಮಮ್ಮನ ಭಜನೆ ತುಂಬಿರೋದು ಬೇಡ ಮತ್ತೆ.