ಬರ್ತ್‌ಡೇಗೆ ಚೀಸ್ ಫಿಂಗರ್ ಸ್ಯಾಂಡ್‌ವಿಚ್: ಸಂಜೆವರೆಗೂ ಮೆತ್ತಗಿರೋ ಹಾಗೆ ಮಾಡೋದು ಹೇಗೆ?

ಪ್ರಶ್ನೆ: ಅಕ್ಕ, ನಾವು ತುಮಕೂರಿನ ಎಸ್.ಎಸ್. ಪುರಂನವರು. ಭಾನುವಾರ ಸಂಜೆ 6ಕ್ಕೆ ಮಗಳ ಬರ್ತ್‌ಡೇ, ಎಲ್ಲ ಸೇರಿ 40 ಜನ. ಹೋದ ವರ್ಷ ಚೀಸ್, ಸೌತೆಕಾಯಿ ಹಾಕಿ ಮಧ್ಯಾಹ್ನವೇ ಸ್ಯಾಂಡ್‌ವಿಚ್ ಮಾಡಿಟ್ಟಿದ್ದೆ. ಸಂಜೆಗೆ ಬ್ರೆಡ್ ಮೇಲೆ ಒಣಗಿ, ಒಳಗೆ ಒದ್ದೆಯಾಗಿತ್ತು. ಈ ಸಲ ಸರಿಯಾಗಿ ಮಾಡಬೇಕು. ಎಷ್ಟು ಸಾಮಾನು ಬೇಕು, ಯಾವಾಗ ಮಾಡಲಿ?

ಉತ್ತರ (ಅಡುಗೆ ಆರ್ಡರ್ ಹಿಡಿಯುವವರು): ಒಬ್ಬರಿಗೆ 3 ಫಿಂಗರ್ ಅಂದರೆ 120. ಒಂದು ಸ್ಯಾಂಡ್‌ವಿಚ್‌ಗೆ 3 ಬರುತ್ತದೆ. 40 ಸ್ಯಾಂಡ್‌ವಿಚ್, 80 ಸ್ಲೈಸ್. ತುದಿ ಎರಡು ಬಿಟ್ಟು ಪ್ಯಾಕ್‌ಗೆ 16 ಸಿಕ್ಕರೆ 5 ಪ್ಯಾಕ್ ಸಾಕು, ಇನ್ನೊಂದು ಜಾಸ್ತಿ ಇರಲಿ. ಬ್ರೆಡ್ ಶನಿವಾರವೇ ತನ್ನಿ. ಬಿಸಿ ಬಿಸಿ ಬ್ರೆಡ್ ಚಾಕು ಇಟ್ಟರೆ ಅಮುಕಿ ಹೋಗುತ್ತದೆ. ಗಟ್ಟಿ ಚೀಸ್ 800 ಗ್ರಾಂ, ಬೆಣ್ಣೆ 500 ಗ್ರಾಂ.

ಚೀಸ್ ಸ್ಲೈಸ್ ಇಟ್ಟರೆ ಕತ್ತರಿಸುವಾಗ ಜಾರುತ್ತದೆ. ಅದಕ್ಕೆ ಚೀಸ್ ತುರಿದು, 150 ಗ್ರಾಂ ಮೆತ್ತಗಾದ ಬೆಣ್ಣೆ, ಕಾಳುಮೆಣಸಿನ ಪುಡಿ ಸೇರಿಸಿ ಕೈಯಲ್ಲೇ ನಾದಿ. ಉಪ್ಪು ಬೇಡ, ಎರಡರಲ್ಲೂ ಇದೆ. ಉಳಿದ ಬೆಣ್ಣೆಯನ್ನು ಬ್ರೆಡ್ಡಿಗೆ ಸವರಿ, ನಾಲ್ಕು ಮೂಲೆಗೂ, ಅಂಚಿನವರೆಗೂ. ಇದನ್ನು ಸುಮ್ನೆ ರುಚಿಗೆ ಅಂದುಕೊಳ್ಳಬೇಡಿ. ಬೆಣ್ಣೆಯ ಪದರ ನೀರನ್ನು ಬ್ರೆಡ್ಡಿಗೆ ಇಳಿಯಲು ಬಿಡುವುದಿಲ್ಲ. ನಿಮ್ಮದು ಒದ್ದೆಯಾಗಿದ್ದು ಸೌತೆಕಾಯಿ ನೀರಿನಿಂದ. ಅದು ಬೇಕೇ ಬೇಕು ಅಂದರೆ ತೆಳ್ಳಗೆ ಹೆಚ್ಚಿ, ಉಪ್ಪು ಹಾಕಿ 15 ನಿಮಿಷ ಬಿಡಿ. ಬಟ್ಟೆಯಲ್ಲಿ ಕಟ್ಟಿ ಹಿಂಡಿ. ಎಷ್ಟು ನೀರು ಇಳಿಯುತ್ತೆ ಅಂತ ನೀವೇ ನೋಡ್ತೀರಿ.

3 ಗಂಟೆಗೆ ತುಂಬಿಸಿ. ಕತ್ತರಿಸಬೇಡಿ. ನಾಲ್ಕು ನಾಲ್ಕು ಪೇರಿಸಿ, ಒದ್ದೆ ಮಾಡಿ ಚೆನ್ನಾಗಿ ಹಿಂಡಿದ ಹತ್ತಿ ಬಟ್ಟೆ ಸುತ್ತಿ, ಡಬ್ಬಿಗೆ ಹಾಕಿ ಮುಚ್ಚಿ ಫ್ರಿಜ್‌ನಲ್ಲಿಡಿ. ಕೆಲಸ ಕಲಿಯುವಾಗ ಕ್ಯಾತಸಂದ್ರದ ಒಂದು ಗೃಹಪ್ರವೇಶಕ್ಕೆ ಎಲ್ಲ ಕತ್ತರಿಸಿ, ಫ್ಯಾನ್ ಕೆಳಗೆ ಇಟ್ಟಿದ್ದೆ. ಅರ್ಧ ಗಂಟೆಗೆ ಅಂಚೆಲ್ಲ ಹಪ್ಪಳದ ಹಾಗೆ ಬಾಗಿತ್ತು. ಆವತ್ತಿನಿಂದ ಬಟ್ಟೆ ಇಲ್ಲದೆ ಒಂದು ತಟ್ಟೆಯನ್ನೂ ಇಟ್ಟಿಲ್ಲ.

5.30ಕ್ಕೆ ಕತ್ತರಿಸಿ. ಹಲ್ಲಿರುವ ಚಾಕು ತಗೊಳ್ಳಿ. ಮೇಲಿನಿಂದ ಒತ್ತದೆ ಹಿಂದೆ ಮುಂದೆ ಎಳೆಯಿರಿ. ಮೊದಲು ನಾಲ್ಕು ಅಂಚು, ಆಮೇಲೆ ಮೂರು ಪಟ್ಟಿ. ಪ್ರತಿ ಸಲವೂ ಚಾಕು ಒರೆಸಿ, ಇಲ್ಲದಿದ್ದರೆ ಅಂಟಿದ ಚೀಸ್ ಮುಂದಿನ ಬಿಳಿ ಬ್ರೆಡ್ಡಿಗೆ ಮೆತ್ತಿಕೊಳ್ಳುತ್ತದೆ. ಅರ್ಧ ಮಾತ್ರ ಹೊರಗಿಡಿ, ಅರ್ಧ ಫ್ರಿಜ್‌ನಲ್ಲೇ ಇರಲಿ. ಹೊರಗಿಟ್ಟದ್ದು ಎರಡು ಗಂಟೆಯೊಳಗೆ ಮುಗಿಯಬೇಕು. ಬಿಸಿಲ ಕಾಲವಾದರೆ ಒಂದೇ ಗಂಟೆ.

ಪ್ರಶ್ನೆ: ಮೇಡಂ, ನಾನು ಕೋಲಾರದವನು. ನಮ್ಮ ಕಡೆ ಟೊಮ್ಯಾಟೊ ಇಲ್ಲದೆ ಏನೂ ಆಗಲ್ಲ. ಹಾಕಲೇಬಾರದಾ?

ಉತ್ತರ: ಹಾಕಿ ಸರ್. ಬೀಜ, ಲೋಳೆ ಪೂರ್ತಿ ತೆಗೆದು, ಮೇಲಿನ ದಪ್ಪ ತಿರುಳು ಮಾತ್ರ ಸಣ್ಣಗೆ ಹೆಚ್ಚಿ. ಜಾಮ್ ಹಾಗೆ ಗಟ್ಟಿಯಾಗುವವರೆಗೆ ಬಾಡಿಸಿದ ಗೊಜ್ಜಾದರೆ ಇನ್ನೂ ಒಳ್ಳೆಯದು. ಕೊತ್ತಂಬರಿ ಚಟ್ನಿಗೆ ಹುರಿಗಡಲೆ ಹಾಕಿ, ನೀರು ಹಾಕದೆ ರುಬ್ಬಿ.

ಪ್ರಶ್ನೆ: ಅಕ್ಕ, ಮತ್ತೆ ನಾನೇ. ನಮ್ಮತ್ತೆ ಚೀಸ್ ಮುಟ್ಟಲ್ಲ. ಕರುವಿನ ಹೊಟ್ಟೆಯಿಂದ ತೆಗೆದದ್ದು ಹಾಕ್ತಾರೆ ಅಂತಾರೆ. ನಿಜಾನಾ?

ಉತ್ತರ: ಅವರು ಹೇಳೋದು ಸುಳ್ಳಲ್ಲ. ಚೀಸ್‌ಗೆ ಹಾಲು ಗಟ್ಟಿಯಾಗಿಸಲು ಎಳೆಗರುವಿನ ಹೊಟ್ಟೆಯ ರೆನೆಟ್ ಬಳಸುವ ಪದ್ಧತಿ ಹಳೆಯದು. ಕೆಲವು ವಿದೇಶಿ ಚೀಸ್‌ಗಳಲ್ಲಿ ಈಗಲೂ ಇದೆ. ಹಸಿರು ಗುರುತಿನ ಚೀಸ್‌ನಲ್ಲಿ ಪ್ರಾಣಿಯ ರೆನೆಟ್ ಇರುವಂತಿಲ್ಲ. ಸೂಕ್ಷ್ಮಜೀವಿಗಳಿಂದ ತಯಾರಿಸಿದ್ದನ್ನು ಬಳಸುತ್ತಾರೆ. ಪ್ಯಾಕ್ ಅತ್ತೆಯವರ ಕೈಗೇ ಕೊಟ್ಟು ತೋರಿಸಿ. ಆಮೇಲೂ ಬೇಡ ಅಂದರೆ ಬಲವಂತ ಮಾಡಬೇಡಿ. ಅವರಿಗೆ ಅಂತ ನಾಲ್ಕು ಬೆಣ್ಣೆ, ಚಟ್ನಿ ಸ್ಯಾಂಡ್‌ವಿಚ್ ಮೊದಲೇ ಮಾಡಿ, ಬೇರೆ ಚಾಕುವಿನಲ್ಲಿ ಕತ್ತರಿಸಿ, ಬೇರೆ ತಟ್ಟೆಯಲ್ಲಿ ಎತ್ತಿಡಿ.