ಜ್ಯಾಂಗೋ ಅಡ್ಮಿನ್‌ನಲ್ಲಿ ಹೆಸರಿನ ಬದಲು ‘ಬುಕ್ ಆಬ್ಜೆಕ್ಟ್ (1)’ ಅಂತ ಬರುತ್ತಿದೆ

ಪ್ರಶ್ನೆ:
ಜ್ಯಾಂಗೋದಲ್ಲಿ (ಪೈಥಾನ್‌ನ ವೆಬ್ ಫ್ರೇಮ್‌ವರ್ಕ್) ಲೇಖಕ, ಪುಸ್ತಕ ಅಂತ ಎರಡು ಮಾಡೆಲ್ (ಡೇಟಾಬೇಸ್ ಟೇಬಲ್ ಹೇಗಿರಬೇಕು ಅಂತ ಹೇಳುವ ಕ್ಲಾಸ್) ಇವೆ. ಅಡ್ಮಿನ್ (ಡೇಟಾ ಸೇರಿಸಿ ತಿದ್ದುವ ಸಿದ್ಧ ಪುಟಗಳು) ಪಟ್ಟಿ ತುಂಬಾ ‘ಬುಕ್ ಆಬ್ಜೆಕ್ಟ್ (1)’, ‘ಬುಕ್ ಆಬ್ಜೆಕ್ಟ್ (2)’. ಅಡ್ಮಿನ್‌ನ ಲಿಸ್ಟ್ ಡಿಸ್‌ಪ್ಲೇ ಸೆಟ್ಟಿಂಗ್‌ಗೆ ಶೀರ್ಷಿಕೆ ಹಾಕಿದೆ, ಪಟ್ಟಿ ಸರಿಹೋಯಿತು. ಆದರೆ ಪುಸ್ತಕ ಸೇರಿಸುವ ಫಾರ್ಮ್‌ನಲ್ಲಿ ಲೇಖಕರ ಡ್ರಾಪ್‌ಡೌನ್ ಇನ್ನೂ ಹಾಗೇ ಇದೆ, ಯಾರು ಯಾರು ಅಂತ ಗೊತ್ತೇ ಆಗುವುದಿಲ್ಲ. ಏನು ಮಾಡಲಿ?

ಉತ್ತರ 1:
ಲಿಸ್ಟ್ ಡಿಸ್‌ಪ್ಲೇ ಆ ಪಟ್ಟಿಯ ಕಾಲಮ್‌ಗಳಿಗೆ ಮಾತ್ರ. ಡ್ರಾಪ್‌ಡೌನ್, ಡಿಲೀಟ್ ಪುಟ, ಹಿಸ್ಟರಿ, ಶೆಲ್ ಎಲ್ಲಾ ಕಡೆ ಬರುವುದು ಮಾಡೆಲ್‌ನ ಎಸ್‌ಟಿಆರ್ ಮೆಥಡ್ ಕೊಡುವ ಹೆಸರು (ಹಿಂದೆ ಮುಂದೆ ಎರಡೆರಡು ಅಂಡರ್‌ಸ್ಕೋರ್). ಲೇಖಕ ಮಾಡೆಲ್‌ನಲ್ಲಿ ಅದನ್ನು ಬರೆದು ಸೆಲ್ಫ್ ಡಾಟ್ ಹೆಸರನ್ನು ರಿಟರ್ನ್ ಮಾಡಿ. ಡೇಟಾಬೇಸ್ ಬದಲಾಗುವುದಿಲ್ಲ, ಮೈಗ್ರೇಶನ್ (ಮಾಡೆಲ್ ಬದಲಾವಣೆಯನ್ನು ಡೇಟಾಬೇಸ್‌ಗೆ ತರುವ ಹೆಜ್ಜೆ) ಬೇಡ. ಇಂಡೆಂಟ್ ನೋಡಿಕೊಳ್ಳಿ, ಮೆಥಡ್ ಮಾಡೆಲ್ ಕ್ಲಾಸ್ ಒಳಗೇ ಇರಬೇಕು, ಸುಮಾರು ಜನ ಅದರೊಳಗಿನ ಮೆಟಾ ಕ್ಲಾಸ್ (ಮಾಡೆಲ್‌ನ ಸೆಟ್ಟಿಂಗ್‌ಗಳಿರುವ ಜಾಗ) ಒಳಗೆ ಸೇರಿಸಿ ಯಾಕೆ ಬರುತ್ತಿಲ್ಲ ಅಂತ ತಲೆ ಕೆಡಿಸಿಕೊಳ್ಳುತ್ತಾರೆ.

ಉತ್ತರ 2:
ಹೆಸರು ನಲ್ (ಡೇಟಾಬೇಸ್‌ನಲ್ಲಿ ಖಾಲಿ) ಇರಬಹುದಾದರೆ ಹುಷಾರು. ಎಸ್‌ಟಿಆರ್‌ನಿಂದ ‘ನನ್’ (None, ಪೈಥಾನ್‌ನಲ್ಲಿ ‘ಏನೂ ಇಲ್ಲ’ ಅನ್ನುವ ಮೌಲ್ಯ) ವಾಪಸ್ ಬಂದರೆ ಟೈಪ್‌ಎರರ್, ಪುಟವೇ ತೆರೆಯುವುದಿಲ್ಲ. ನಂಬರ್ ಫೀಲ್ಡ್ ಆದರೂ ಅಷ್ಟೇ, ಎಫ್-ಸ್ಟ್ರಿಂಗ್‌ನಲ್ಲಿ (ಮೌಲ್ಯವನ್ನು ಪಠ್ಯವಾಗಿಸುವ ಪೈಥಾನ್ ರೂಪ) ಸುತ್ತಿ ಕೊಡಿ.

ಉತ್ತರ 3:
ಪುಸ್ತಕದ ಎಸ್‌ಟಿಆರ್‌ನಲ್ಲಿ ಲೇಖಕರ ಹೆಸರನ್ನೂ ಸೇರಿಸುವ ಆಸೆ ಬರುತ್ತದೆ, ಅಲ್ವಾ? ಆಗ ಒಂದೊಂದು ಸಾಲಿಗೂ ಡೇಟಾಬೇಸ್‌ಗೆ ಇನ್ನೊಂದು ಕ್ವೆರಿ (ಪ್ರಶ್ನೆ) ಹೋಗಿ ಪಟ್ಟಿ ನಿಧಾನ ಆಗುತ್ತದೆ. ಸೇರಿಸಲೇಬೇಕಾದರೆ ಅಡ್ಮಿನ್ ಕ್ಲಾಸ್‌ನಲ್ಲಿ ಲಿಸ್ಟ್ ಸೆಲೆಕ್ಟ್ ರಿಲೇಟೆಡ್ (ಲೇಖಕರನ್ನೂ ಒಂದೇ ಕ್ವೆರಿಯಲ್ಲಿ ತರುವ ಸೆಟ್ಟಿಂಗ್) ಹಾಕಿ. ಲೇಖಕರು ಜಾಸ್ತಿ ಇದ್ದರೆ ಡ್ರಾಪ್‌ಡೌನ್ ಬಿಟ್ಟು ಆಟೋಕಂಪ್ಲೀಟ್ ಫೀಲ್ಡ್ಸ್ (ಟೈಪ್ ಮಾಡಿ ಹುಡುಕುವ ಪೆಟ್ಟಿಗೆ) ಬಳಸಿ, ಅದಕ್ಕೆ ಲೇಖಕರ ಅಡ್ಮಿನ್‌ನಲ್ಲಿ ಸರ್ಚ್ ಫೀಲ್ಡ್ಸ್ (ಯಾವ ಫೀಲ್ಡ್‌ನಲ್ಲಿ ಹುಡುಕಬೇಕು ಅನ್ನುವ ಸೆಟ್ಟಿಂಗ್) ಇರಲೇಬೇಕು.

ಪ್ರಶ್ನೆ ಕೇಳಿದವರು:
ಎಸ್‌ಟಿಆರ್ ಹಾಕಿದ ತಕ್ಷಣ ಹೆಸರುಗಳು ಬಂದವು, ತುಂಬಾ ಥ್ಯಾಂಕ್ಸ್. ಆಟೋಕಂಪ್ಲೀಟ್ ಈಗ ಹಾಕಿ ನೋಡುತ್ತೇನೆ.